ಹನ್ನೊಂದು ಜನರ ಬಲಗೈ

ದೊಡ್ಡಮ್ಮನ ಬಲಗೈಯನ್ನು ಯಂತ್ರಕ್ಕೆ ಒಪ್ಪಿಸಿದವಳು ನಾನೇ. ಆಗ ಬೆಂಗಳೂರಿನಲ್ಲಿ ನರವಿಜ್ಞಾನದ ಎಂ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ಒಂದೇ ಕೆಲಸವನ್ನು ದಿನವಿಡೀ ಮಾಡುವವರ ಮಣಿಕಟ್ಟಿನಲ್ಲಿ ನರ ಹೇಗೆ ಅಮುಕಿಹೋಗುತ್ತದೆ ಎಂಬುದನ್ನು ನಮ್ಮ ಗೈಡ್ ಅಧ್ಯಯನ ಮಾಡುತ್ತಿದ್ದರು. ಅಂಥವರು ಎಲ್ಲಿ ಸಿಗುತ್ತಾರೆ ಎಂದು ಅವರು ಕೇಳಿದಾಗ ನಾನು ಮುಂದೆ ಬಿದ್ದು ಹೇಳಿದೆ: ಶಿಡ್ಲಘಟ್ಟದಲ್ಲಿ, ನಮ್ಮ ಮನೆಯಲ್ಲೇ.

ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ಇಪ್ಪತ್ತು ವರ್ಷಗಳಿಂದ ರೇಷ್ಮೆ ನೂಲು ತೆಗೆಯುತ್ತಿದ್ದಳು. ಬಿಸಿನೀರಿನಲ್ಲಿ ತೇಲುವ ಗೂಡುಗಳಿಂದ ಎಳೆ ಹುಡುಕಿ ರಾಟೆಗೆ ಸೇರಿಸಬೇಕು, ಕಡಿದರೆ ಮತ್ತೆ ಹುಡುಕಬೇಕು. ಬೆಳಗಿನಿಂದ ಸಂಜೆಯವರೆಗೆ ಅದೇ ಬೆರಳು, ಅದೇ ಮಣಿಕಟ್ಟು.

ಗೈಡ್ ಜೀಪಿನಲ್ಲಿ ನರ ಪರೀಕ್ಷಿಸುವ ಯಂತ್ರ ತಂದರು. ನೂಲು ತೆಗೆಯುವ ಶೆಡ್ಡಿನ ಮುಂದೆ ಮೇಜು ಹಾಕಿ, ದೊಡ್ಡಮ್ಮನನ್ನೂ ಸೇರಿಸಿ ಹನ್ನೊಂದು ಹೆಂಗಸರನ್ನು ಸಾಲಾಗಿ ಕೂರಿಸಿದೆವು. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು. ಅದನ್ನು ಕನ್ನಡದಲ್ಲಿ, ಇಬ್ಬರಿಗೆ ತೆಲುಗಿನಲ್ಲಿ, ಓದಿ ಹೇಳಿದವಳೂ ನಾನೇ.

“ಚುರ್ ಅಂತ ಒಂದು ಸಣ್ಣ ಶಾಕ್ ಕೊಡ್ತಾರೆ ದೊಡ್ಡಮ್ಮ, ಅಷ್ಟೇ. ಏನಾದ್ರೂ ತೊಂದ್ರೆ ಇದ್ರೆ ನಾವೇ ಬಂದು ಹೇಳ್ತೀವಿ.”

“ನೀನೇ ಹೇಳಿದ್ಮೇಲೆ ಇನ್ನೇನಮ್ಮ,” ಎಂದು ಸಹಿ ಹಾಕಿದಳು. ಅವಳನ್ನು ನೋಡಿ ಉಳಿದವರೂ ಹಾಕಿದರು.

ಮುಂದಿನ ವಾರ ಗ್ರಾಫ್ ಬಿಡಿಸುತ್ತಾ ಕುಳಿತಾಗಲೇ ನನಗೆ ಗೊತ್ತಾಯಿತು. ಏಳು ಜನರ ನರ ಕೆಟ್ಟಿತ್ತು. ಎಲ್ಲರಿಗಿಂತ ಹೆಚ್ಚು ಕೆಟ್ಟಿದ್ದು ದೊಡ್ಡಮ್ಮನದು. ಆ ವಾರ ಪರೀಕ್ಷೆಗೆಂದು ಓದುತ್ತಿದ್ದ ಪಾಠವೂ ಅದೇ: ಬೇಗ ಗುರುತಿಸಿದರೆ ವಿಶ್ರಾಂತಿ, ಮಣಿಕಟ್ಟಿಗೆ ಪಟ್ಟಿ, ಬೇಕಾದರೆ ಸಣ್ಣದೊಂದು ಆಪರೇಷನ್, ತಡವಾದರೆ ಹೆಬ್ಬೆರಳ ಬುಡದ ಸ್ನಾಯು ಸವೆದುಹೋಗುತ್ತದೆ, ಮತ್ತೆ ಬರುವುದು ಕಷ್ಟ. ಇದನ್ನು ಉತ್ತರಪತ್ರಿಕೆಯಲ್ಲಿ ಚಿತ್ರ ಸಮೇತ ಬರೆದೆ. ಒಳ್ಳೆಯ ಅಂಕ ಬಂತು.

ಆ ಹೆಂಗಸರಿಗೆ ಯಾವಾಗ ತಿಳಿಸುವುದು ಎಂದು ಗೈಡನ್ನು ಕೇಳಿದೆ.

“ನಾವು ಆಸ್ಪತ್ರೆ ನಡೆಸ್ತಿಲ್ಲಮ್ಮ,” ಎಂದರು, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ. “ನಮ್ಮ ರಿಸರ್ಚ್ ಪೇಪರ್ ಬರೋವರೆಗೂ ಡೇಟಾ ಆಚೆ ಹೋಗಬಾರದು.”

“ಆಗಲಿ ಸರ್,” ಎಂದೆ. ಆ ಎರಡು ಪದಗಳನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಅವರ ಮೇಲಿನ ಸಿಟ್ಟು ಒಂದು ತೂಕ, ನನ್ನ ಮೇಲಿನದು ಇನ್ನೊಂದು.

ಆರು ತಿಂಗಳು ಕಳೆದವು. ರಜಕ್ಕೆ ಊರಿಗೆ ಹೋದಾಗ ಒಂದು ಬೆಳಿಗ್ಗೆ ದೊಡ್ಡಮ್ಮ ಬಂದು ನನಗೆ ಬೆನ್ನು ಮಾಡಿ ನಿಂತಳು.

“ಈ ರವಿಕೆ ಹುಕ್ಕು ಹಾಕಮ್ಮ. ಬೆರಳು ಹಿಡಿಯೋದೇ ಇಲ್ಲ. ವಯಸ್ಸಾಯ್ತು.”

ಅವಳಿಗೆ ಐವತ್ತೂ ತುಂಬಿರಲಿಲ್ಲ. ಹುಕ್ಕು ಹಾಕಿ, ಅವಳ ಅಂಗೈ ತಿರುಗಿಸಿ ನೋಡಿದೆ. ಹೆಬ್ಬೆರಳ ಬುಡದಲ್ಲಿ ಉಬ್ಬಿರಬೇಕಾದ ಜಾಗ ಗುಳಿ ಬಿದ್ದಿತ್ತು. ಪುಸ್ತಕದ ಚಿತ್ರದಲ್ಲಿದ್ದ ಹಾಗೇ. ಅಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ.

“ಯಾವಾಗ ಗೊತ್ತಾಯ್ತು ನಿಂಗೆ?”

“ಟೆಸ್ಟ್ ಮಾಡಿದ ಮುಂದಿನ ವಾರ.”

“ಆಮೇಲೆ ಎರಡು ಸಲ ಬಂದು ಮುದ್ದೆ ಉಂಡು ಹೋದ್ಯಲ್ಲ. ಆಗ್ಲೂ ಗೊತ್ತಿತ್ತಾ?”

“ಗೊತ್ತಿತ್ತು.”

ದೊಡ್ಡಮ್ಮ ಕೈ ಬಿಡಿಸಿಕೊಂಡು ಕೆಲಸಕ್ಕೆ ಹೊರಟುಹೋದಳು. ಹೊಡೆದಿದ್ದರೆ ಎಷ್ಟೋ ಮೇಲಾಗುತ್ತಿತ್ತು.

ಅದೇ ದಿನ ಬೆಂಗಳೂರಿಗೆ ಹೋಗಿ ಹನ್ನೊಂದೂ ಜನರ ವರದಿ ಪ್ರಿಂಟ್ ತೆಗೆದೆ. ಪ್ರತಿಯೊಂದರ ಕೆಳಗೆ ಏನಾಗಿದೆ, ಯಾವ ಡಾಕ್ಟರನ್ನು ನೋಡಬೇಕು ಎಂದು ಕನ್ನಡದಲ್ಲಿ ಕೈಯಾರೆ ಬರೆದು, ಮರುದಿನ ಮನೆಮನೆಗೆ ಹೋಗಿ ಕೊಟ್ಟೆ. ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಐದು ಜನ ಬಂದರು. ಜೊತೆಗೆ ಹೋದೆ. ಅವರಲ್ಲಿ ದೊಡ್ಡಮ್ಮನೂ ಇದ್ದಳು, ಬಸ್ಸಿನಲ್ಲಿ ನನ್ನ ಪಕ್ಕ ಮಾತ್ರ ಕೂರಲಿಲ್ಲ.

ಸುದ್ದಿ ಗೈಡ್‌ಗೆ ಮುಟ್ಟಿತು. “ತಪ್ಪಾಯ್ತು ಅಂತ ಬರೆದುಕೊಡು,” ಎಂದರು.

“ತಪ್ಪಾಗಿದೆ ಸರ್. ಬರೆದುಕೊಡೋದಿದ್ರೆ ಆ ಹೆಂಗಸರಿಗೆ ಬರೆದುಕೊಡ್ತೀನಿ.”

ಪೇಪರಿನಿಂದ ನನ್ನ ಹೆಸರು ಹೋಯಿತು. ಬೇರೊಬ್ಬ ಅಧ್ಯಾಪಕಿಯ ಕೈಕೆಳಗೆ ಬೇರೆ ವಿಷಯ ಹಿಡಿದು ಕೋರ್ಸ್ ಮುಗಿಸಿದೆ.

ಐವರಲ್ಲಿ ಚಿಕ್ಕವಳೊಬ್ಬಳಿಗೆ ಪಟ್ಟಿ, ವಿಶ್ರಾಂತಿಯಲ್ಲೇ ವಾಸಿಯಾಯಿತು. ದೊಡ್ಡಮ್ಮನಿಗೆ ಆಪರೇಷನ್ ಆಯಿತು. ಜೋಮು ಹೋಯಿತು, ಹೆಬ್ಬೆರಳಿಗೆ ಬಲ ಬರಲಿಲ್ಲ. ಎಳೆ ಹಿಡಿಯಲಾಗದೆ ಈಗ ಗೂಡು ಆರಿಸುವ ಕೆಲಸ ಮಾಡುತ್ತಾಳೆ. ನನ್ನ ಜೊತೆ ಮಾತು ಶುರುವಾಗಲು ಒಂದು ವರ್ಷ ಹಿಡಿಯಿತು.

ಈಗ ಚಿಂತಾಮಣಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಕಳೆದ ವರ್ಷ ಆ ಪೇಪರ್ ಸಿಕ್ಕಿತು. ಕೊನೆಯಲ್ಲಿ ಯಂತ್ರ ಕೊಟ್ಟವರಿಗೆ, ಜೀಪು ಕೊಟ್ಟವರಿಗೆ ಕೃತಜ್ಞತೆ ಇತ್ತು. ಹೆಂಗಸರ ಮಾತೇ ಇರಲಿಲ್ಲ. ತೆಗೆದುಕೊಂಡು ಹೋಗಿ ದೊಡ್ಡಮ್ಮನಿಗೆ ಸಾಲುಸಾಲಾಗಿ ಕನ್ನಡದಲ್ಲಿ ಓದಿ ಹೇಳಿದೆ. ಗೂಡು ಆರಿಸುತ್ತಲೇ ಕೇಳಿಸಿಕೊಂಡಳು.

“ಎಲ್ಲಾ ಸರಿಯಾಗೇ ಬರೆದವ್ರೆ,” ಎಂದಳು. “ನಮಗೆ ಬಂದು ಹೇಳ್ಲಿಲ್ಲ ಅನ್ನೋದನ್ನೂ ಬರೆದವ್ರಾ?”

ಇಲ್ಲ ಎಂದೆ.

“ಹಂಗಾದ್ರೆ ನೀನು ಬರಿ.”