ಹಿಂದಿನ ಸೀಟಿನಿಂದ ಯುರೋಪು

ತಿರುಪ್ಪೂರಿನ ಬನಿಯನ್ ಕಂಪನಿಯೊಂದರ ಮಾಲೀಕರಾದ, ಊರವರ ಬಾಯಲ್ಲಿ ಮೊದಲಾಳಿಯಾದ ನಂಜಪ್ಪನ್ ಅವರ ಧರ್ಮಪತ್ನಿ ಕಾಮಾಕ್ಷಿಯಮ್ಮನವರು ಮದುವೆಯಾದ ಮೇಲೆ ಕಂಡ ಲೋಕವೆಲ್ಲ ಎರಡು ತಲೆಗಳ ನಡುವಿನ ಸಂದಿಯಲ್ಲಿತ್ತು. ಬಲಗಡೆಯ ತಲೆ ಡ್ರೈವರ್ ಮಾರಪ್ಪನದು, ಎಡಗಡೆಯದು ಯಜಮಾನರದು. ಪಳನಿಯ ಬೆಟ್ಟ, ಉಡುಮಲೈಪೇಟೆಯ ತೆಂಗಿನ ತೋಟಗಳು, ಅಮರಾವತಿ ಅಣೆಕಟ್ಟಿನ ನೀರು, ಎಲ್ಲವೂ ಆ ಸಂದಿಯಲ್ಲೇ ಮೂಡಿ ಆ ಸಂದಿಯಲ್ಲೇ ಮುಳುಗಿದವು.

ಇದು ನಂಜಪ್ಪನ್ ಒಬ್ಬರ ತಪ್ಪೆಂದು ಹೇಳಿದರೆ ಅನ್ಯಾಯವಾದೀತು. ನಮ್ಮ ಸೀಮೆಯಲ್ಲಿ ಅಂಬಾಸಿಡರ್ ಕಾರು ಕೊಂಡವರಿಗೆಲ್ಲ ಒಂದು ಶಾಸ್ತ್ರವಿತ್ತು. ಮೊದಲಾಳಿಯಾದವನು ಸ್ಟಿಯರಿಂಗಿನ ಚಕ್ರ ಮುಟ್ಟಬಾರದು. ಮುಟ್ಟಿದರೆ ಬೀದಿಯವರು ಅವನನ್ನು ಡ್ರೈವರ್ ಎಂದು ತಿಳಿದಾರು. ಹಿಂದೆಯೂ ಕೂರಬಾರದು, ಕೂತರೆ ಯಾರಿಗೂ ಕಾಣಿಸಲಾರನು. ಆದಕಾರಣ ಡ್ರೈವರಿನ ಪಕ್ಕದ ಎಡಗಡೆಯ ಸೀಟೇ ಅವನ ಸಿಂಹಾಸನ. ಹೆಂಡತಿ, ಅಕ್ಕ, ಪುಳಿಯೋಗರೆಯ ಡಬ್ಬ, ನೀರಿನ ಕೂಜಾ, ಇವೆಲ್ಲ ಹಿಂದೆ. ತಿರುಚೆಂಗೋಡಿನ ಬೆಟ್ಟದ ಮೇಲೆ ಪರಮೇಶ್ವರನು ದೇವಿಗೆ ತನ್ನ ಮೈಯಲ್ಲೇ ಅರ್ಧವನ್ನು ಕೊಟ್ಟು ನಿಂತಿದ್ದಾನೆ. ನಂಜಪ್ಪನ್ ದಂಪತಿಗಳು ಆ ಸನ್ನಿಧಿಗೂ ಹೋಗಿ ಕಣ್ತುಂಬ ದರ್ಶನ ಮಾಡಿ ಬಂದಿದ್ದರು. ಗಂಡ ಮುಂದಿನ ಸೀಟಿನಲ್ಲಿ ಹೋಗಿ ಮುಂದಿನ ಸೀಟಿನಲ್ಲಿ ಬಂದರು. ಹೆಂಡತಿ ಹಿಂದಿನ ಸೀಟಿನಲ್ಲಿ ಹೋಗಿ ಹಿಂದಿನ ಸೀಟಿನಲ್ಲಿ ಬಂದರು. ದೇವರು ಕಲ್ಲಿನಲ್ಲಿ ನಿಂತು ಹೇಳಿದರೂ ನಾವು ಕರ್ಪೂರದ ಹೊಗೆಯಲ್ಲಿ ಕೇಳಿಸಿಕೊಳ್ಳುವುದಿಲ್ಲ.

ಕಾಮಾಕ್ಷಿಯಮ್ಮ ಹುಟ್ಟಿದ್ದು ಅನ್ನೂರಿನ ಒಂದು ನೇಯ್ಗೆಯ ಮನೆಯಲ್ಲಿ. ಗಂಡುಮಕ್ಕಳಿಲ್ಲದ ಆ ಮನೆಯಲ್ಲಿ ಹುಡುಗಿಯಾಗಿರುವಾಗಲೇ ಮಗ್ಗದ ಕುಳಿಗೆ ಇಳಿದವರು. ಒಂದು ಕಾಲು ತುಳಿದಾಗ ಇನ್ನೊಂದು ಕಾಲು ಬಿಡಬೇಕು, ಅದೇ ಗಳಿಗೆಯಲ್ಲಿ ಕೈ ಲಾಳಿಯನ್ನು ಎಸೆಯಬೇಕು. ಈ ವಿದ್ಯೆಯಲ್ಲಿ ಅವರ ಮೈ ಬೆಳೆಯಿತು. ತಿರುಪ್ಪೂರಿಗೆ ಸೊಸೆಯಾಗಿ ಬಂದ ಮೇಲೆ ಗಂಡನ ವ್ಯಾಪಾರ ಬೆಳೆಯಿತು, ಮೊದಲಾಳಿಯ ಹೆಂಡತಿ ಕೆಲಸ ಮಾಡಬಾರದೆಂಬ ಇನ್ನೊಂದು ಶಾಸ್ತ್ರ ಮನೆಗೆ ಬಂತು. ಕೈಗೆ ಬಳೆ ಬಂದವು, ಕಾಲಿಗೆ ಬಿಡುವು ಬಂತು.

ಸಾವಿರದ ಒಂಬೈನೂರ ಎಂಬತ್ತಾರರಲ್ಲಿ, ನಂಜಪ್ಪನ್ ಅವರ ಬನಿಯನ್ನುಗಳನ್ನು ಕೊಳ್ಳುತ್ತಿದ್ದ ಜರ್ಮನಿಯ ವ್ಯಾಪಾರಿಯೊಬ್ಬನು ಪ್ರೀತಿಯಿಂದ ಆಹ್ವಾನ ಕಳಿಸಿದನು. ದಂಪತಿಗಳಿಬ್ಬರೂ ಬರಬೇಕು, ಬಾಡಿಗೆಗೆ ಕಾರು ಕೊಡಿಸುತ್ತೇನೆ, ರಸ್ತೆಯಲ್ಲೇ ಆರೇಳು ದೇಶಗಳನ್ನು ಸುತ್ತಬಹುದು ಎಂದು ತಿಳಿಸಿ, ತಾವು ಗಂಡಹೆಂಡಿರು ಹಾಗೆ ಸುತ್ತಿದಾಗಿನ ಫೋಟೋ ಒಂದನ್ನೂ ಇಟ್ಟಿದ್ದನು. ಫೋಟೋದಲ್ಲಿ ಆತನು ಚಕ್ರ ಹಿಡಿದು ಕೂತಿದ್ದನು. ಆಕೆ ಪಕ್ಕದಲ್ಲಿ ಕೂತು ನಗುತ್ತಿದ್ದಳು. ಹಿಂದೆ ಹಿಮದ ಬೆಟ್ಟ.

ನಂಜಪ್ಪನ್ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿ ನಿಟ್ಟುಸಿರು ಬಿಟ್ಟರು.

"ಅಯ್ಯೋ ಪಾವಂ. ಅಷ್ಟು ದೊಡ್ಡ ವ್ಯಾಪಾರ, ಒಬ್ಬ ಡ್ರೈವರ್ ಇಟ್ಕೊಳಕ್ಕೆ ಆಗ್ಲಿಲ್ಲ ನೋಡು."

"ಆಯಮ್ಮ ಮುಂದೆ ಕೂತಿದಾರೆ," ಎಂದರು ಕಾಮಾಕ್ಷಿಯಮ್ಮ.

"ಹಿಂದೆ ಸಾಮಾನು ಇರುತ್ತೆ, ಅದಕ್ಕೆ."

ಕಾಮಾಕ್ಷಿಯಮ್ಮ ಆ ಫೋಟೋವನ್ನು ದೇವರ ಗೂಡಿನಲ್ಲಿ ಚೌಡೇಶ್ವರಿಯ ಪಟದ ಪಕ್ಕಕ್ಕೆ ಇಟ್ಟರು. ಯಜಮಾನರು ಅದನ್ನು ವ್ಯಾಪಾರದ ಮೇಲಿನ ಭಕ್ತಿ ಎಂದುಕೊಂಡು ಸಂತೋಷಪಟ್ಟರು. ಆಕೆಗೆ ಬೇಕಾಗಿದ್ದುದು ವ್ಯಾಪಾರವೂ ಅಲ್ಲ, ಹಿಮದ ಬೆಟ್ಟವೂ ಅಲ್ಲ. ಜೀವಮಾನದಲ್ಲಿ ಒಂದು ಸಲ ಗಂಡನ ಪಕ್ಕದಲ್ಲಿ ಕೂತು ಒಂದು ದಾರಿಯನ್ನು ನೋಡಬೇಕು. ಇಷ್ಟೇ ಆಕೆ ದೇವಿಯಲ್ಲಿ ಬೇಡಿದ್ದು. ಇಷ್ಟು ಚಿಕ್ಕ ವರಕ್ಕೆ ಏಳು ದೇಶ ದಾಟಬೇಕಾಗಿ ಬಂದಿತ್ತು.

ಯಾತ್ರೆಯ ಯೋಜನೆ ಕಂಪನಿಯಲ್ಲಿ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲೆ ನಡೆಯಿತು. ಕೊಯಮತ್ತೂರಿನಿಂದ ತರಿಸಿದ ಯುರೋಪಿನ ಭೂಪಟವನ್ನು ಹಾಸಿ, ಅದು ಮಡಿಸಿಕೊಳ್ಳದಂತೆ ನಾಲ್ಕು ಮೂಲೆಗೆ ಕತ್ತರಿಗಳನ್ನಿಟ್ಟು, ನಂಜಪ್ಪನ್ ಕೊರಳಿನಿಂದ ಅಳತೆಯ ಟೇಪನ್ನು ಇಳಿಸಿದರು. ಎದೆಯಳತೆ, ತೋಳಿನಳತೆಗಳಲ್ಲಿ ಕೂದಲೆಳೆಯಷ್ಟೂ ತಪ್ಪದವರು ದೇಶಗಳ ಅಳತೆಯಲ್ಲಿ ತಪ್ಪಿಯಾರೇ? ಜರ್ಮನಿಯ ಊರಿನಿಂದ ಇಟಲಿಯ ವೆನಿಸಿಗೆ ಟೇಪು ಹಿಡಿದರು. ಆಮೇಲೆ ಗೋಡೆಯ ಮೇಲೆ ತೂಗುತ್ತಿದ್ದ ನಮ್ಮ ಜಿಲ್ಲೆಯ ಭೂಪಟಕ್ಕೆ ಹೋಗಿ, ತಿರುಪ್ಪೂರಿನಿಂದ ಉಡುಮಲೈಪೇಟೆಗೆ ಹಿಡಿದರು. ಎರಡೂ ಒಂದೇ ಅಳತೆ.

"ನಂ ಉಡುಮಲೈಗೆ ಹೋದಂಗೆ ಅಷ್ಟೇ," ಎಂದು ಘೋಷಿಸಿದರು. "ಬೆಳಗ್ಗೆ ಕಾಫಿ ಕುಡಿದು ಜರ್ಮನಿ ಬಿಡ್ತೀವಿ. ನಡುವೆ ಸ್ವಿಟ್ಜರ್ಲೆಂಡಲ್ಲಿ ಒಂದು ಮರ ನೋಡಿ ಕಟ್ಟುಸಾದದ ಬುತ್ತಿ ಬಿಚ್ತೀವಿ. ಬಿಸಿಲೇರೋ ಮುಂಚೆ ವೆನಿಸು. ಸಾಯಂಕಾಲ ಫ್ರಾನ್ಸಲ್ಲಿ ದೀಪ ಹಚ್ಚೋ ಹೊತ್ತಿಗೆ ಇರ್ತೀವಿ."

ಡ್ರೈವರ್ ಮಾರಪ್ಪನ್ ಮೇಜಿನ ಕೊನೆಯಲ್ಲಿ ನಿಂತಿದ್ದನು. ಸಂಬಳ ಕೊಡುವವರ ಟೇಪಿನ ಮೇಲೆ ಅವನಿಗೆ ಅಪಾರ ಗೌರವ. "ಆಗುತ್ತೆ ಮೊದಲಾಳಿ," ಎಂದನು. "ಆದ್ರೆ ಅಲ್ಲಿ ಎದುರು ಗಾಡಿಯೆಲ್ಲ ತಪ್ಪು ಕಡೆಯಿಂದ ಬರುತ್ತಂತೆ."

"ಅವರ ತಪ್ಪು ಅವರಿಗೆ. ನೀನು ಸರಿಯಾಗಿ ಓಡ್ಸು."

ಹೀಗೆ ದಂಪತಿಗಳ ಯಾತ್ರೆಗೆ ಮೂರನೆಯವನು ಸೇರಿದನು. ನಾಲ್ಕನೆಯವರು ನಂಜಪ್ಪನ್ ಅವರ ಅಕ್ಕ ಕುಪ್ಪಮ್ಮ. ಗಂಡನನ್ನು ಕಳೆದುಕೊಂಡು ತಮ್ಮನ ಮನೆಯಲ್ಲೇ ಇದ್ದ ಈ ಹಿರಿಯರು, ಸುದ್ದಿ ಕೇಳಿದ ದಿನವೇ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದರು.

"ನಂಜಾ, ನೀವಿಬ್ರೂ ಗಂಡಸ್ರು ಮುಂದೆ. ಹಿಂದೆ ಇವಳೊಬ್ಬಳೇ ಕೂತ್ರೆ ನೋಡೋರು ಏನಂತಾರೆ? ನಾನು ಬತ್ತೀನಿ. ಸೀಮೆಎಣ್ಣೆ ಸ್ಟೌ ನನ್ನ ಕಾಲ ಹತ್ರ ಇರ್ಲಿ."

"ಅತ್ತಿಗೆ, ಇದು ಗಂಡ ಹೆಂಡ್ತಿ ಹೋಗೋ ಟೂರು ಅಂತ ಬರೆದಿದಾರೆ," ಎಂದರು ಕಾಮಾಕ್ಷಿಯಮ್ಮ ಮೆಲ್ಲಗೆ.

"ಹೋಗಮ್ಮ. ನಾನೇನು ನಿಮ್ಮ ಮಧ್ಯೆ ಕೂರ್ತೀನಾ? ಅವನು ಮುಂದೆ, ನೀನು ಹಿಂದೆ. ಮಧ್ಯೆ ಸೀಟಿದೆ."

ಮದುವೆಯಾದ ದಿನದಿಂದಲೂ ಮಧ್ಯೆ ಸೀಟಿತ್ತು.

ನಂಜಪ್ಪನ್ ವ್ಯಾಪಾರಿಗಳ ಸಂಘದಲ್ಲಿ ಯಾತ್ರೆಯ ವಿಷಯ ಹೇಳಿದರು. ಸಂಘದವರು ಶಾಲು ಹೊದಿಸಿದರು. ಅದಾದ ವಾರದಲ್ಲೇ ಕೊಯಮತ್ತೂರಿನ ಟ್ರಾವೆಲ್ ಏಜೆಂಟನು ಸಿಡಿಲಿನಂಥ ಮಾತೊಂದನ್ನು ಹೇಳಿದನು. ಆಹ್ವಾನ ಬಂದಿರುವುದು ಗಂಡಹೆಂಡಿರಿಗೆ ಮಾತ್ರ. ಬೇರೆಯವರಿಗೆ ವೀಸಾ ಆಗದು. ಆ ದೇಶಗಳಲ್ಲಿ ಕಾರನ್ನು ತಾವೇ ಓಡಿಸಿಕೊಳ್ಳುವುದು ವಾಡಿಕೆ.

"ಮೊದಲಾಳಿಗಳೂ ಓಡಿಸ್ತಾರಾ?"

"ಎಲ್ಲರೂ ಸರ್."

"ಅಂದ್ರೆ ಊರಿಗೆ ಊರೇ ಡ್ರೈವರು," ಎಂದರು ನಂಜಪ್ಪನ್ ಮರುಕದಿಂದ.

ಯಾತ್ರೆಯನ್ನು ಬಿಟ್ಟುಬಿಡಬಹುದಾಗಿತ್ತು. ಆದರೆ ಹೊದ್ದ ಶಾಲನ್ನು ತಿರುಗಿಸಿ ಕೊಡುವುದು ಹೇಗೆ? ಭಗವಂತನ ಭಯದಿಂದ ಮನುಷ್ಯ ಮಾಡದ ಎಷ್ಟೋ ಸಾಹಸಗಳನ್ನು ನೆರೆಹೊರೆಯವರ ಭಯದಿಂದ ಮಾಡುತ್ತಾನೆ. ನಂಜಪ್ಪನ್ ತಾವೇ ಕಾರು ಕಲಿಯಲು ನಿಶ್ಚಯಿಸಿದರು. ತಿರುಪ್ಪೂರಿನಲ್ಲಿ ಕಲಿತರೆ ಕೆಲಸದವರು ನೋಡಿಯಾರೆಂದು, ಅನ್ನೂರಿನ ಆಚೆ ಒಣಗಿದ ಕೆರೆಯಂಗಳವನ್ನು ಆರಿಸಿಕೊಂಡರು. ಭಾನುವಾರ ಬೆಳಗಾದೊಡನೆ ತಲೆಗೆ ಟವೆಲ್ ಸುತ್ತಿಕೊಂಡು ಹೊರಡುವರು. ಕಾಮಾಕ್ಷಿಯಮ್ಮ ಇಡ್ಲಿಯ ಡಬ್ಬವನ್ನು ಹಿಡಿದು ಯಥಾಪ್ರಕಾರ ಹಿಂದೆ ಕೂರುವರು.

ನಂಜಪ್ಪನ್ ಅವರಿಗೆ ಕಾರು ಓಡಿಸುವುದು ಬರಲಿಲ್ಲ, ಏಕೆಂದರೆ ಅವರಿಗೆ ಆಜ್ಞೆ ಮಾಡುವುದು ಮಾತ್ರ ಬರುತ್ತಿತ್ತು. ಕ್ಲಚ್ಚನ್ನು ಒತ್ತಿ ಹಿಡಿದು, "ಹೂಂ, ಹೊರಡು," ಎನ್ನುವರು. ಆಮೇಲೆ ಕಾಲನ್ನು ಥಟ್ಟನೆ ಎತ್ತುವರು. ಕಾರು ಕಪ್ಪೆಯಂತೆ ಒಂದು ನೆಗೆತ ನೆಗೆದು ಸತ್ತುಹೋಗುವುದು. ಮಾರಪ್ಪನ್ ಪಕ್ಕದಲ್ಲಿ ಕೂತು ಪ್ರತಿ ನೆಗೆತಕ್ಕೂ ಹೊಗಳುವನು.

"ನಲ್ಲಾ ಓಟ್ಟುರೀಂಗ ಮೊದಲಾಳಿ, ಚೆನ್ನಾಗಿ ಓಡಿಸ್ತೀರಿ."

ಕಾರು ಹಿಂದಕ್ಕೆ ಸರಿದು ಸೀಮೆಜಾಲಿಯ ಪೊದೆಗೆ ಹೊಕ್ಕಾಗಲೂ ಮಾರಪ್ಪನ್ ಅದೇ ಮಾತನ್ನೇ ಹೇಳಿದನು. ಕಿಟಕಿಯಿಂದ ಒಂದು ಮುಳ್ಳುಕೊಂಬೆ ಒಳಗೆ ಬಂದು ನಂಜಪ್ಪನ್ ಅವರ ಟವೆಲನ್ನು ಎತ್ತಿಕೊಂಡಿತು.

"ಈ ಗಾಡಿಗೆ ಭಯಭಕ್ತಿನೇ ಇಲ್ಲ," ಎಂದು ಅವರು ಇಳಿದು ಬೇವಿನ ನೆರಳಿನಲ್ಲಿ ಕೂತರು. "ಕಾಮಾಚಿ, ಇಡ್ಲಿ ಕೊಡು."

ಕಾಮಾಕ್ಷಿಯಮ್ಮ ಡಬ್ಬವನ್ನು ಅವರ ಮುಂದಿಟ್ಟು ಅಲ್ಲಿಯೇ ನಿಂತರು. ವಾರಗಳಿಂದ ಅವರು ಹಿಂದಿನ ಸೀಟಿನಲ್ಲಿ ಕೂತು, ಮುಂದಕ್ಕೆ ಬಾಗಿ, ಗಂಡನ ಪಾದಗಳನ್ನೇ ನೋಡಿದ್ದರು. ಒಂದು ಕಾಲು ತುಳಿಯುವಾಗ ಇನ್ನೊಂದು ಬಿಡಬೇಕಾದ ಜಾಗದಲ್ಲಿ ಎರಡೂ ಒಟ್ಟಿಗೇ ಜಗಳವಾಡುತ್ತಿದ್ದವು.

"ನಾನೊಂದ್ಸಲ ತುಳಿದು ನೋಡ್ಲಾ?"

"ನೀನಾ?" ನಂಜಪ್ಪನ್ ಬಾಯಿತುಂಬ ಇಡ್ಲಿಯೊಡನೆ ನಕ್ಕರು. "ಹೋಗು, ಹೋಗು. ಮುಳ್ಳು ಇನ್ನೂ ಬಾಕಿ ಐತೆ. ಮಾರಪ್ಪಾ, ಅಮ್ಮನಿಗೆ ತೋರಿಸಪ್ಪ."

ಆಕೆ ಸೀರೆಯ ನೆರಿಗೆಯನ್ನು ಸ್ವಲ್ಪ ಮೇಲಕ್ಕೆ ಸಿಕ್ಕಿಸಿ, ಮೆಟ್ಟನ್ನು ಕಳಚಿ, ಬರಿಗಾಲಿನಲ್ಲಿ ಕೂತರು. ಎಡಗಾಲು ಮೆಲ್ಲಗೆ ಮೇಲೆ ಬಂತು, ಬಲಗಾಲು ಅಷ್ಟೇ ಮೆಲ್ಲಗೆ ಕೆಳಗೆ ಹೋಯಿತು. ಮೊದಲೆರಡು ಸಲ ಗಾಡಿ ನಿಂತಿತು. ಮೂರನೆಯ ಸಲ ಪೊದೆಯಿಂದ ಈಚೆ ಬಂತು. ಆಮೇಲೆ ಕೆರೆಯಂಗಳದ ಆ ಬದಿಯವರೆಗೆ ಹೋಗಿ, ದೊಡ್ಡದಾಗಿ ಸುತ್ತಿ, ಧೂಳೆಬ್ಬಿಸಿಕೊಂಡು ಹಿಂದಿರುಗಿತು. ಮಾರಪ್ಪನ್ ಹೊಗಳುವುದನ್ನೇ ಮರೆತಿದ್ದನು.

ಕಾರು ಬೇವಿನ ಮರದ ಬಳಿ ನಿಂತಾಗ ನಂಜಪ್ಪನ್ ಎದ್ದರು. ಚಟ್ನಿಯ ಕೈಯನ್ನು ಒರೆಸಿಕೊಂಡರು. ಅವರು ಕೋಪಿಸಿಕೊಳ್ಳಬಹುದಾಗಿತ್ತು, ಇಳಿ ಎನ್ನಬಹುದಾಗಿತ್ತು. ಆದರೆ ಎಷ್ಟೋ ವರ್ಷಗಳ ಅಭ್ಯಾಸವು ಅವರನ್ನು ಕೈಹಿಡಿದು ನೇರವಾಗಿ ತಮ್ಮ ಸೀಟಿಗೆ, ಎಡಗಡೆಯ ಮುಂಬಾಗಿಲಿಗೆ ಕರೆದೊಯ್ದಿತು. ಮೊದಲಾಳಿ ಬಾಗಿಲು ತೆಗೆದೊಡನೆ ಮಾರಪ್ಪನ್ ಅಭ್ಯಾಸದಂತೆಯೇ ಇಳಿದನು. ಇನ್ನೆಲ್ಲೂ ಜಾಗವಿಲ್ಲದ್ದರಿಂದ ಹಿಂದೆ ಹೋಗಿ ಇಡ್ಲಿಯ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತನು. ಗಂಡನಾದವನು ತನ್ನ ಸಿಂಹಾಸನವನ್ನು ಕಿಂಚಿತ್ತೂ ಬಿಟ್ಟುಕೊಡಲಿಲ್ಲ. ಹೆಂಡತಿ ಪಕ್ಕಕ್ಕೆ ಬಂದುಬಿಟ್ಟಿದ್ದಳು. ಜಗನ್ಮಾತೆ ವರ ಕೊಡುವ ರೀತಿಯೇ ಇದು: ನಮ್ಮ ಅಹಂಕಾರವನ್ನು ಮುರಿಯುವಷ್ಟು ಬಿಡುವಿಲ್ಲದಿದ್ದರೆ, ಅದನ್ನೇ ಕೂಲಿಗೆ ಹಿಡಿದು ಕೆಲಸ ಮಾಡಿಸಿಕೊಳ್ಳುತ್ತಾಳೆ.

"ಹೋಗು. ಮೆಲ್ಲಗೆ. ಹಾರನ್ ಹೊಡಿ," ಎಂದರು ನಂಜಪ್ಪನ್.

ಕೆರೆಯಲ್ಲಿ ಒಂದು ಮೇಕೆಯೂ ಇರಲಿಲ್ಲ. ಕಾಮಾಕ್ಷಿಯಮ್ಮ ಹಾರನ್ ಹೊಡೆದರು.

ಆಕೆಗೆ ಕೆಲವೇ ತಿಂಗಳಲ್ಲಿ ಲೈಸೆನ್ಸ್ ಆಯಿತು. ಆದರೆ ಮನೆಯಲ್ಲಿ ಕುಪ್ಪಮ್ಮ ಸುಮ್ಮನಿರಲಿಲ್ಲ.

"ಹೆಂಡ್ತಿ ಗಾಡಿ ಓಡ್ಸೋದು, ಗಂಡ ಗೊಂಬೆ ತರ ಕೂತಿರೋದು. ಊರು ನಗಲ್ವಾ ನಂಜಾ?"

ನಂಜಪ್ಪನ್ ಒಂದು ದಿನವೆಲ್ಲ ಯೋಚಿಸಿದರು. ಆ ಒಂದು ದಿನ ಕಾಮಾಕ್ಷಿಯಮ್ಮ ಊಟ ಮಾಡಲಿಲ್ಲ. ಯಾತ್ರೆ ನಿಂತರೆ ತಿರುಪ್ಪೂರಿನ ಬೀದಿಯಲ್ಲಿ ಮಾರಪ್ಪನ್ ಮತ್ತೆ ಚಕ್ರ ಹಿಡಿಯುವನು, ತಾನು ಮತ್ತೆ ಹಿಂದೆ ಹೋಗಬೇಕು. ಇದು ಆಕೆಗೆ ಗೊತ್ತಿತ್ತು. ಸಾಯಂಕಾಲ ದೀಪ ಹಚ್ಚಿದ ಮೇಲೆ ಯಜಮಾನರು ಅಕ್ಕನನ್ನು ಕರೆದರು.

"ಅಕ್ಕಾ, ಅಲ್ಲಿ ನಮ್ಮೂರೋರು ಯಾರಿದಾರೆ ನಗೋಕೆ?"

"ದೇವರಿದಾನಲ್ಲ."

"ಅವನು ತಿರುಚೆಂಗೋಡಲ್ಲಿ ಹೆಂಡ್ತಿಗೆ ಅರ್ಧ ಕೊಟ್ಟೇ ನಿಂತಿದಾನಲ್ಲ ಅತ್ತಿಗೆ," ಎಂದರು ಕಾಮಾಕ್ಷಿಯಮ್ಮ, ಅಡುಗೆಮನೆಯಿಂದಲೇ.

ಕುಪ್ಪಮ್ಮ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿಕೊಂಡರು. "ಸ್ಟೌ ಮಾತ್ರ ಮರೀಬೇಡ," ಎಂದು ಎದ್ದುಹೋದರು.

ಹೊರಡುವ ದಿನ ಮಾರಪ್ಪನ್ ಅಮ್ಮನವರಿಗೆ ಕೈಮುಗಿದು, ಗಾಡಿಗಳು ತಪ್ಪು ಕಡೆಯಿಂದ ಬರುತ್ತವೆಂಬುದನ್ನು ಮತ್ತೊಮ್ಮೆ ನೆನಪಿಸಿದನು. "ಲಾಳಿ ಎರಡು ಕಡೆಯಿಂದಲೂ ಬರುತ್ತಪ್ಪ. ನೋಡ್ಕೊಂಡು ತುಳಿದ್ರೆ ಆಯ್ತು," ಎಂದು ಆಕೆ ಸಮಾಧಾನ ಹೇಳಿದರು.

ಜರ್ಮನಿಯಲ್ಲಿ ಬಾಡಿಗೆಯ ಕಾರು ಸಿದ್ಧವಾಗಿ ನಿಂತಿತ್ತು. ಆಮೇಲೆ ನಡೆದದ್ದನ್ನು ಕಾಮಾಕ್ಷಿಯಮ್ಮನವರೇ ಊರಿಗೆ ಬಂದು ಭಜನೆಯ ಮಂದಿಗೆ ಹೇಳಿದ್ದು. ನಂಜಪ್ಪನ್ ಕೋಟಿನ ಗುಂಡಿ ಹಾಕಿಕೊಂಡು, ಗಂಭೀರವಾಗಿ ನಡೆದು, ಎಡಗಡೆಯ ಮುಂಬಾಗಿಲನ್ನು ತೆಗೆದು ತಮ್ಮ ಸೀಟಿನಲ್ಲಿ ಕೂತರು. ಕೂತೊಡನೆ ಎದೆಗೆ ಚಕ್ರ ತಾಗಿತು.

"ಇದೇನು, ಮೊದಲಾಳಿ ಸೀಟಿಗೇ ಚಕ್ರ ಇಟ್ಟಿದಾರೆ?"

"ಇಲ್ಲಿ ಹಂಗಂತೆ," ಎಂದರು ಕಾಮಾಕ್ಷಿಯಮ್ಮ, ಬಾಗಿಲ ಬಳಿ ನಿಂತು. "ನೀವು ಓಡಿಸ್ತೀರೋ, ಆ ಕಡೆ ಹೋಗ್ತೀರೋ?"

ನಂಜಪ್ಪನ್ ಚಕ್ರವನ್ನು ನೋಡಿದರು, ಕಾಲ ಕೆಳಗಿನ ಮೂರು ಪೆಡಲುಗಳನ್ನು ನೋಡಿದರು. ಹಿಂದಿನ ಸೀಟನ್ನೂ ಒಮ್ಮೆ ತಿರುಗಿ ನೋಡಿದರು. ಅದು ಖಾಲಿಯಿತ್ತು, ಅಲ್ಲಿ ಕೂರಲು ಯಾರ ಅಡ್ಡಿಯೂ ಇರಲಿಲ್ಲ. ಅವರು ಇಳಿದು, ಕಾರಿನ ಮುಂದುಗಡೆಯಿಂದ ಸುತ್ತಿ ಬಂದು, ಅಷ್ಟರಲ್ಲಿ ಚಕ್ರದ ಮುಂದೆ ಕೂತಿದ್ದ ಹೆಂಡತಿಯ ಪಕ್ಕದಲ್ಲಿ ಕೂತು ಬಾಗಿಲು ಹಾಕಿಕೊಂಡರು. ಊರಿನಲ್ಲಿ ಡ್ರೈವರನಿಗೂ ಹೆಂಡತಿಗೂ ಅವರು ‘ಹೋಗು’ ಎಂದು ಮಾತ್ರ ಹೇಳಿದವರು.

"ಹೋಗೋಣ್ವಾ ಕಾಮಾಚಿ?" ಎಂದು ಕೇಳಿದರು.