ಬೋಗೋಣಿಯ ಮೇಲಿನ ಎರಡು ಹೆಸರು

ಫೋಟೋ ತೆಗೆಯುವ ಆಪಾ ತಾವಾಗಿ ಕೆಲಸ ಬಿಡಲಿಲ್ಲ. ಬಿಡಿಸಿದರು. ನಮ್ಮ ಓಣಿಯ ಸೂರುಗಳಿಗೆ ತಗಡು ಬಂದದ್ದು, ಅವರ ಕೆಲಸ ಹೋದದ್ದು, ಎರಡೂ ಒಂದೇ ಫೋಟೋದಿಂದ. ಊರಲ್ಲಿ ಬೇರೆ ಏನೇನೋ ಹೇಳುತ್ತಾರೆ. ಅದನ್ನು ನಂಬಬೇಡಿ.

ಅವರನ್ನು ನೆನೆದರೆ ನನಗೆ ಮೊದಲು ಕಾಣುವುದು ಎಡಗಣ್ಣು. ಬಲಗಣ್ಣನ್ನು ಕ್ಯಾಮೆರಾಕ್ಕೆ ಹಚ್ಚಿ, ಎಡಗಣ್ಣನ್ನು ಬಿಗಿದು ಮುಚ್ಚಿ ಮುಚ್ಚಿ, ಆ ಒಂದು ಕಣ್ಣಿನ ಸುತ್ತ ಮಾತ್ರ ಸುಕ್ಕುಗಳು ಬಿದ್ದಿದ್ದವು. ಬಲಗಡೆಯಿಂದ ನೋಡಿದರೆ ಮೂವತ್ತರ ಹೆಣ್ಣು, ಎಡಗಡೆಯಿಂದ ನೋಡಿದರೆ ನನ್ನ ವಾರಿಗೆಯ ಮುದುಕಿ. ತಲೆಯ ಮೇಲೆ ಓಢಣಿ, ಕಾಲಲ್ಲಿ ಗಂಡಸರ ಬೂಟು, ಹೆಗಲಿಗೆ ಎರಡು ಚೀಲ. ಒಂದರಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ನೀರಿನ ಬಾಟಲಿ ಮತ್ತು ಒರೆಸುವ ಬಟ್ಟೆ.

ನಮ್ಮದು ಭಾಲ್ಕಿ ತಾಲೂಕಿನಲ್ಲಿ ಮಾಂಜ್ರಾ ಹೊಳೆ ದಂಡೆಯ ಊರು. ಹೊಳೆ ಓಣಿಗೆ ನುಗ್ಗಿ ಹದಿನಾಲ್ಕು ಮನೆಗಳ ಮಾಳಿಗೆ ಕುಸಿದ ವರ್ಷ, ಬೀದರಿನಿಂದ ಒಂದು ಸಂಸ್ಥೆಯವರು ಬಂದು ಕೌದಿ, ಬಕೆಟ್ಟು, ಮೇಲೆ ಹೊದಿಸಲು ತಾಡಪತ್ರಿ, ಅಡಿಗೆಗೆ ಮನೆಗೆ ಎರಡೆರಡು ಸ್ಟೀಲಿನ ಬೋಗೋಣಿ ಕೊಟ್ಟರು. ಅವರ ಜೊತೆ ಬಂದವರು ಈ ಆಪಾ. ಹೆಸರು ಏನೋ ಇತ್ತು, ಊರಿಗೆಲ್ಲ ಅವರು ಫೋಟೋ ಆಪಾ, ಅಂದರೆ ಫೋಟೋ ಅಕ್ಕ. ಬೀದರಿನ ಮೈಲೂರಿನಲ್ಲಿ ಮನೆ. ತಾಯಿ ಮತ್ತು ಇವರು, ಇಬ್ಬರೇ. ಇವರ ಪಗಾರದ ಮೇಲೆಯೇ ಆ ಮನೆಯ ಒಲೆ ಉರಿಯುತ್ತಿತ್ತು.

ಅವರ ಕೆಲಸವೇನೆಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು. ಕೊಡುವವರು ಬೇರೆ, ತಂದು ಹಂಚುವವರು ಬೇರೆ. ಕೊಟ್ಟವರ ಹೆಸರು ನಾಲ್ಕು ಜನಕ್ಕೆ ಕಾಣುವ ಹಾಗೆ ನೋಡಿಕೊಳ್ಳುವುದು, ಫೋಟೋ ತೆಗೆಯುವುದು, ಅದರ ಕೆಳಗೆ ನಾಲ್ಕು ಸಾಲು ಬರೆದು ದೂರದಲ್ಲಿರುವ ಆ ಕೊಟ್ಟವರಿಗೆ ಮುಟ್ಟಿಸುವುದು, ಇದು ಆಪಾನ ಕೆಲಸ. ಹೆಸರು ಕಾಣಿಸುವುದಕ್ಕೂ ಒಬ್ಬರಿಗೆ ಪಗಾರವೇ ಎಂದು ನಾನು ನಕ್ಕೆ. ಅವರೂ ನಕ್ಕರು.

“ಹೆಸರು ಕಾಣಲಿಲ್ಲಂದ್ರ ಮುಂದಿನ ಸಲ ಏನೂ ಬರಂಗಿಲ್ಲ ಆಯಿ,” ಎಂದರು.

ಆ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಕೊಟ್ಟವರ ಹೆಸರು, ಗುರುತು ಎಲ್ಲಿದ್ದರೂ ಅದರ ಸುತ್ತ ನಾಲ್ಕು ಬೆರಳು ಜಾಗ ಖಾಲಿ ಇರಬೇಕು. ಅಲ್ಲಿ ಇನ್ನೊಂದು ಅಕ್ಷರ ಬರಕೂಡದು, ಚಿತ್ರ ಬರಕೂಡದು. ಹಾಗೆಂದು ಒಂದು ಪುಸ್ತಕವೇ ಇತ್ತಂತೆ ಆಫೀಸಿನಲ್ಲಿ. ಔರಾದ ತಾಲೂಕಿನ ಎಕಂಬಾ ಕಡೆ ಒಂದು ಬೋರಿನ ಪಕ್ಕ ಇವರು ಕೊಟ್ಟವರ ಹೆಸರಿನ ಕಲ್ಲು ನೆಡಿಸಿದ್ದರು. ಅಲ್ಲಿಯ ಹೆಂಗಸರು ನೀರು ಕೊಟ್ಟ ಕಲ್ಲೆಂದು ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ ಕಾಯಿ ಒಡೆಯತೊಡಗಿದರು. ಆಪಾ ಹೋದಾಗಲೆಲ್ಲ ಒರೆಸುವುದು, ಇವರು ತಿರುಗಿದ ಮೇಲೆ ಅವರು ಹಚ್ಚುವುದು. ಒರೆಸುವ ಮೊದಲು ಕಲ್ಲಿಗೆ ತಮ್ಮ ಮಾತಿನಲ್ಲಿ ಮಾಫ್ ಕರೋ, ತಪ್ಪಾಯಿತು ಎನ್ನುತ್ತಿದ್ದೆ ಎಂದು ತಾವೇ ಹೇಳಿ ನಮ್ಮನ್ನು ನಗಿಸಿದರು. ಆದರೆ ಒರೆಸುವುದನ್ನು ಬಿಡಲಿಲ್ಲ.

ಬಂದ ಕೂಡಲೇ ಕ್ಯಾಮೆರಾ ತೆಗೆಯುತ್ತಿರಲಿಲ್ಲ. ಮೊದಲು ಕೂತು ಮಾತು. ರೊಟ್ಟಿ, ಪುಂಡಿ ಪಲ್ಯ ಕೊಟ್ಟರೆ ಉಣ್ಣುವರು. ಹಸಿ ಮೆಣಸಿನಕಾಯಿ ಖಾರ ಹೆಚ್ಚು ಬೇಡುವರು. ಆಮೇಲೆ ಸಣ್ಣ ವಹಿ ತೆಗೆದು ಹೆಸರು ಕೇಳಿ ಬರೆದುಕೊಳ್ಳುವರು. ಇಂಥವರ ತಾಯಿ, ಇಂಥವರ ಸೊಸೆ ಎಂದರೆ ನಡೆಯದು, ತವರಲ್ಲಿ ಇಟ್ಟ ಹೆಸರೇ ಬೇಕು. ತೆಗೆದ ಫೋಟೋ ತೋರಿಸುವರು. ಬೇಡವೆಂದರೆ ನಮ್ಮ ಕಣ್ಣ ಮುಂದೆಯೇ ಅಳಿಸುವರು. ಇನ್ನೊಂದು ಅವರ ಹಟವೆಂದರೆ, ನಡೆಯುತ್ತಿರುವುದನ್ನು ಮಾತ್ರ ತೆಗೆಯುವುದು. ನಗಿರಿ ಎಂದು ಯಾರಿಗೂ ಹೇಳಿದವರಲ್ಲ. ಅಳುವವಳಿಗೆ ಸ್ವಲ್ಪ ಈ ಕಡೆ ತಿರುಗಿ ಅಳಿರಿ ಎಂದವರೂ ಅಲ್ಲ. ಅಂಥವರೂ ನಮ್ಮ ಊರಿಗೆ ಬಂದು ಹೋಗಿದ್ದಾರೆ.

ಜೋಳದ ರಾಶಿ ಮುಗಿದ ಮೇಲೆ ಒಂದು ದಿನ ಬಂದರು. ರೊಟ್ಟಿ ಬೇಡವೆಂದರು. ಮುಂದಿನ ಮಳೆಗಾಲದೊಳಗೆ ಹದಿನಾಲ್ಕು ಮನೆಗೂ ತಗಡು ಹಾಕಿಸುವ ಮಾತು ನಡೆದಿದೆ, ಆದರೆ ಮೊದಲು ಕೊಟ್ಟ ಬೋಗೋಣಿಯಲ್ಲಿ ನಾವು ಅಡಿಗೆ ಮಾಡುತ್ತಿರುವ ಫೋಟೋ ಬೇಕು, ಅದರಲ್ಲಿ ಕೊಟ್ಟವರ ಹೆಸರು ಕಾಣಬೇಕು, ಎಂಟು ದಿನದಲ್ಲಿ ಫೋಟೋ ಆಫೀಸಿಗೆ ಮುಟ್ಟಬೇಕು ಎಂದರು. ಹದಿನಾಲ್ಕು ಮನೆಯ ಅಡಿಗೆ ಮೂಲೆಗೂ ಹೋಗಿ ಬಂದರು. ಎಲ್ಲರ ಒಲೆಯ ಮೇಲೂ ಕೆಸರಿನಿಂದ ಅಗೆದು ತೆಗೆದ ಹಳೆಯ ನೆಗ್ಗಿದ ಪಾತ್ರೆಗಳೇ. ಹೊಸ ಬೋಗೋಣಿ ಒಂದೂ ಇಲ್ಲ.

ಮಾರಿಕೊಂಡೆವೆಂದು ತಿಳಿದರೋ ಏನೋ, ನನ್ನ ಮುಖವನ್ನೇ ನೋಡಿದರು. ನಾನು ಮಲಗುವ ಹೊರಸಿನ ಕೆಳಗಿನಿಂದ ಗೋಣಿಚೀಲ ಎಳೆದು ಬಿಚ್ಚಿ ತೋರಿಸಿದೆ. ಎರಡೂ ಬೋಗೋಣಿ ಬಂದ ದಿನದ ಹಾಗೆ ಥಳಥಳ ಇದ್ದವು. ಒಂದೊಂದರ ತಳದಲ್ಲಿ ಎರಡು ಹಿಡಿ ಜೋಳ.

“ಯಾಕ ಇಟ್ಟೀರಿ ಹಿಂಗ?”

“ಹೆಸರಿದ್ದವರು ಬಂದು ಕೇಳಿದ್ರ ಕೊಡಬೇಕಲ್ರಿ.”

ಅವರಿಗೆ ತಿಳಿಯಲಿಲ್ಲ. ನಾನು ಬಿಡಿಸಿ ಹೇಳಬೇಕಾಯಿತು. ನಮ್ಮಲ್ಲಿ ಲಗ್ನಕ್ಕೆ, ತೊಟ್ಟಿಲಿಗೆ ಓಣಿಯ ಪಾತ್ರೆಗಳೆಲ್ಲ ಒಂದು ಮನೆಗೆ ಹೋಗುತ್ತವೆ. ಯಾರದು ಯಾವುದೆಂದು ತಿಳಿಯಲಿ ಎಂದೇ ಕಂಠದ ಮೇಲೆ ಹೆಸರು ಕೊರೆಸುವುದು. ಕೆಲಸ ಮುಗಿದ ಮೇಲೆ ತಿಕ್ಕಿ ತೊಳೆದು, ಖಾಲಿ ಕೊಡಬಾರದೆಂದು ಎರಡು ಹಿಡಿ ಕಾಳು ಹಾಕಿ, ಹೆಸರಿದ್ದವರ ಮನೆಗೆ ಮುಟ್ಟಿಸುತ್ತೇವೆ. ಈ ಬೋಗೋಣಿಗಳ ಮೇಲೆ ಕೊಟ್ಟವರ ಹೆಸರು ಕೊರೆದಿತ್ತು. ಅಂದ ಮೇಲೆ ಅವು ಅವರವೇ. ಹದಿನಾಲ್ಕು ಮನೆಯವರೂ ಯಾರನ್ನೂ ಯಾರೂ ಕೇಳದೆ ಇದನ್ನೇ ಮಾಡಿದ್ದೆವು.

ಆಪಾ ಗೋಡೆಗೆ ಒರಗಿ ಕೂತುಬಿಟ್ಟರು.

ಇದರಲ್ಲೇನಿದೆ ಎಂದು ನಾನೇ ದಾರಿ ತೋರಿಸಿದೆ. ಬೋಗೋಣಿ ಒಲೆಯ ಮೇಲೆ ಇಡುತ್ತೇನೆ, ನೀರು ಹಾಕುತ್ತೇನೆ, ನೀವು ತೆಗೆಯಿರಿ, ಆಮೇಲೆ ಇಳಿಸಿ ತೊಳೆದು ಚೀಲಕ್ಕೆ ಹಾಕುತ್ತೇನೆ, ತಗಡು ಬಂದುಬಿಡುತ್ತವೆ ಎಂದೆ. ಅವರು ತಲೆ ಅಲ್ಲಾಡಿಸಿದರು.

“ಫೋಟೋದಾಗ ನೀವು ಸುಳ್ಳು ಹೇಳಂಗಿಲ್ಲ ಆಯಿ. ಆ ಸುಳ್ಳು ನಾ ಹೇಳ್ದಂಗ ಆಗ್ತದ, ನಿಮ್ಮ ಮಾರಿ ಮುಂದ ಹಿಡದು.”

ನನಗೆ ಸಿಟ್ಟು ಬಂತು. “ನಿಮ್ಮ ಸತ್ಯ ತಗೊಂಡು ಏನ್ ಮಾಡೂನ್ರಿ ನಾವು? ಮಳಿ ಬಂದ್ರ ತಲಿ ಮ್ಯಾಲ ಅದನ್ನೇ ಹೊದಿಸ್ಕೋಬೇಕಾ?” ಎಂದೆ. ಆಡಬಾರದಿತ್ತು ಎಂದು ಈಗಲೂ ಅನ್ನುವುದಿಲ್ಲ. ತಾಡಪತ್ರಿಯ ಕೆಳಗೆ ಒಂದು ಚಳಿಗಾಲ ಕಳೆದವಳು ನಾನು, ಅವರಲ್ಲ.

ಅವರು ಎದ್ದು ಹೊರಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಹಳ ಹೊತ್ತು ಕೂತರು. ಹೋದರು ಎಂದುಕೊಂಡೆ. ತಿರುಗಿ ಬಂದು, ಲಗ್ನದಲ್ಲಿ ಆಹೇರಿ, ಉಡುಗೊರೆ ಎಂದು ಕೊಟ್ಟ ಪಾತ್ರೆಯ ಮೇಲೆ ಏನು ಬರೆಸುತ್ತೀರಿ ಎಂದು ಕೇಳಿದರು. ಸೊಸೆಯ ಲಗ್ನದ ತಂಬಿಗೆ ತೋರಿಸಿದೆ. ಇಂಥವರಿಂದ ಇಂಥವರಿಗೆ ಎಂದು ಎರಡು ಹೆಸರಿದ್ದವು. ಒಂದೇ ಹೆಸರಿದ್ದರೆ ಅದು ಎರವಲು, ಎರಡಿದ್ದರೆ ಕೊಟ್ಟದ್ದು. ಅದನ್ನು ಹೇಳಿಕೊಡಲು ಸಾಲೆ ಬೇಕಿಲ್ಲ.

ಆಪಾ ತಂಬಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಎಡಗಣ್ಣು ತಾನೇ ಮುಚ್ಚಿಕೊಂಡಿತ್ತು. ನಾಲ್ಕು ಬೆರಳು ಖಾಲಿ ಬಿಡುವ ನಿಮ್ಮ ಪುಸ್ತಕದ ಗತಿ ಏನು ಎಂದು ನಾನು ಕೇಳಿದೆ. ಅವರು ತಂಬಿಗೆ ನನ್ನ ಕೈಗಿಟ್ಟು ಚೀಲ ಹೆಗಲಿಗೇರಿಸಿದರು.

ಮೂರನೇ ದಿನ ಭಾಲ್ಕಿ ಬಜಾರಿನ ಪಾತ್ರೆ-ಭಾಂಡೆ ಅಂಗಡಿಯಲ್ಲಿ ಹೆಸರು ಕೊರೆಯುವವನನ್ನು ತಮ್ಮ ಸ್ಕೂಟಿಯ ಹಿಂದೆ ಕೂಡಿಸಿಕೊಂಡು ಬಂದರು. ಅವನ ತೊಡೆಯ ಮೇಲೆ ಮಿಷಿನು. ಹಾಲಿನ ಡೇರಿಯಿಂದ ಕರೆಂಟು ಎಳೆದು, ಬೇವಿನ ಗಿಡದ ಕೆಳಗೆ ಕೂತ. ಗಂಡನ ಹೆಸರು ಹೇಳಿರಿ ಎಂದ ಅವನು, ರೂಢಿಯ ಪ್ರಕಾರ. ಆಪಾ ವಹಿ ತೆಗೆದು ನಮ್ಮ ಹೆಸರುಗಳನ್ನು ಓದತೊಡಗಿದರು. ನನ್ನ ಪಕ್ಕದ ಮನೆಯವಳು ನಾಚಿ ಬೋಗೋಣಿ ಹಿಂದಕ್ಕೆ ಎಳೆದುಕೊಂಡಳು.

“ನನ್ನ ಹೆಸರು ಯಾಕ್ರಿ ಆಪಾ? ಆ ಹೆಸರಿಲೆ ಈಗ ಯಾರ ಕರೀತಾರ?”

“ಭಾಂಡೆ ಕರೀತದ ತಗೋರಿ,” ಎಂದರು ಆಪಾ. ಹೆಂಗಸರೆಲ್ಲ ನಕ್ಕರು. ಮಿಷಿನು ಟರ್ ಎಂದಿತು. ಕೊಟ್ಟವರ ಹೆಸರಿನ ಕೆಳಗೆ, ಒಂದು ಬೆರಳೂ ಜಾಗ ಬಿಡದೆ, ಅವಳ ಹೆಸರು ಬಂತು. ಆಮೇಲೆ ನನ್ನದು. ನನ್ನ ಹೆಸರು ಒಂದು ಪಾತ್ರೆಯ ಮೇಲೆ ಬಂದದ್ದು ಅದೇ ಮೊದಲು. ಕೊರೆಯುವವನಿಗೆ ಮನೆಗೊಂದು ಸೇರು ಜೋಳ ಕೊಟ್ಟೆವು.

ಅಂದೇ ಸಂಜೆ ಹದಿನಾಲ್ಕು ಒಲೆಯ ಮೇಲೂ ಹೊಸ ಬೋಗೋಣಿ ಏರಿದವು. ಆಪಾ ಅಂದು ತೆಗೆಯಲಿಲ್ಲ. ಐದು ದಿನ ಬಿಟ್ಟು, ತಳ ಮಸಿಯಾದ ಮೇಲೆ ಬಂದರು. ನಾನು ತೊಗರಿ ಬೇಳೆ ಕುದಿಸುತ್ತಿದ್ದೆ, ಒಲೆಯ ಕಟ್ಟಿಗೆ ಮುಂದೆ ಸರಿಸುವಾಗ ತೆಗೆದರು. ತೋರಿಸಿದರು. ಮುಖ ಸೊಟ್ಟಗಿತ್ತು, ಹೆಸರುಗಳು ನೆಟ್ಟಗಿದ್ದವು. ಇರಲಿ ಎಂದೆ.

ಬೀದರ ಆಫೀಸಿನ ದೊಡ್ಡ ಸಾಹೇಬರು ಆ ಫೋಟೋ ನೋಡಿ, ಕೆಳಗಿನ ಹೆಸರನ್ನು ಕಂಪ್ಯೂಟರಿನಲ್ಲಿ ಅಳಿಸಿ ಕಳಿಸು ಎಂದರಂತೆ. ಆಪಾ ಅಳಿಸದೆ, ಯಾಕೆ ಹೀಗೆ ಎಂದು ಎರಡು ಪುಟ ಬರೆದು ಕಳಿಸಿದರು. ಬಿಸಿಲುಗಾಲದಲ್ಲಿ ಕೊಟ್ಟವರ ಕಡೆಯಿಂದ ಇಬ್ಬರು ಬಂದರು. ನನ್ನ ಬೋಗೋಣಿ ಹಿಡಿದು, ಕೆಳಗಿನದು ಏನು ಎಂದು ಕೇಳಿದರು. ಮೇಲಿನವರು ಕೊಟ್ಟರು, ಕೆಳಗಿನವಳು ತಗೊಂಡಳು ಎಂದೆ. ಆಪಾ ಅದನ್ನು ಅವರ ಭಾಷೆಯಲ್ಲಿ ಹೇಳಿದರು. ಅವರು ಆಗಲಿ ಎಂದು ತಲೆಯಾಡಿಸಿದರು. ಮೊದಲ ಮಳೆಗೆ ಎಂಟು ದಿನ ಮೊದಲು ತಗಡು ಬಂದವು.

ತಗಡು ಹಾಕಿ ಮುಗಿದ ವಾರ ಆಪಾ ಒಬ್ಬರೇ ಬಂದರು, ಕ್ಯಾಮೆರಾ ಇಲ್ಲದೆ. ತಾಯಿಯ ಮೊಣಕಾಲು ನೋವು ಹೆಚ್ಚಾಗಿದೆ, ತಿರುಗಾಟದ ಕೆಲಸ ಸಾಕು ಮಾಡಿದೆ ಎಂದರು. ನಾನು ನಂಬಿದೆ. ಸಾಸಿವೆ ಎಣ್ಣೆ ಹಚ್ಚಿ ತಿಕ್ಕಲು ಹೇಳಿ ಕಳಿಸಿದೆ.

ಈ ವರ್ಷ ಬಿಸಿಲುಗಾಲ ಏರುವ ಹೊತ್ತಿಗೆ ಅವರ ಜಾಗಕ್ಕೆ ಬಂದವನು ಊರಿಗೆ ಬಂದ. ಬಂದದ್ದು ಮಧ್ಯಾಹ್ನ. ಮೀಸೆಯ, ಮಾತಿನ ಮನುಷ್ಯ. ಆಪಾನ ಸುದ್ದಿ ಕೇಳಿದಾಗ ನಕ್ಕು, ನಿಮ್ಮ ಬೋಗೋಣಿಯೇ ಅವರ ಕೆಲಸ ಕಳೆಯಿತು ಎಂದ. ಗುರುತಿನ ಪಕ್ಕ ಇನ್ನೊಂದು ಹೆಸರು ಬರೆಸಿದ್ದಕ್ಕೆ, ಅಳಿಸು ಎಂದರೆ ಅಳಿಸದೆ ಇದ್ದದ್ದಕ್ಕೆ ಬೀದರ ಸಾಹೇಬರು ಅವರ ಕೆಲಸದ ಕರಾರು ಮುಂದುವರಿಸಲಿಲ್ಲವಂತೆ. ಹೊಸದಾಗಿ ಸೇರಿದವರಿಗೆಲ್ಲ ಆಫೀಸಿನಲ್ಲಿ ಆ ಫೋಟೋ ತೋರಿಸಿ, ಹೀಗೆ ಮಾಡಬಾರದು ಎಂದು ಕಲಿಸುತ್ತಾರಂತೆ. ಆಪಾ ಈಗ ಮೈಲೂರಿನಲ್ಲಿ ಸಣ್ಣ ಅಂಗಡಿ ಇಟ್ಟು ಸಾಲೆ ಮಕ್ಕಳ ಗುರುತಿನ ಚೀಟಿಗೆ ಅಂಟಿಸುವ ಫೋಟೋ ತೆಗೆಯುತ್ತಾರೆ. ಫೋಟೋದಲ್ಲಿ ಒಂದು ಸುಳ್ಳೂ ಹೇಳದವರು ನಮಗೆ ಬಾಯಲ್ಲಿ ಆ ಮೊಣಕಾಲಿನ ಸುಳ್ಳು ಹೇಳಿ ಹೋಗಿದ್ದರು, ನಾವು ಭಾರ ಹೊರಬಾರದೆಂದು. ಆ ಋಣ ತೀರುವಂಥದ್ದಲ್ಲ. ತೀರಿಸುತ್ತೇನೆ ಎಂದು ನಾನು ಯಾರಿಗೂ ಹೇಳಿಯೂ ಇಲ್ಲ.

ಅವನು ಬಂದದ್ದು ತಗಡಿನ ಫೋಟೋಕ್ಕೆ. ನಮ್ಮ ತಗಡುಗಳ ಮೇಲೆ ಕೊಟ್ಟವರ ಹೆಸರು ಆಳುದ್ದದ ಅಕ್ಷರದಲ್ಲಿ ಬರೆದಿದೆ. ಮಾರನೆಯ ಬೆಳಿಗ್ಗೆ ಹಾರುವ ಕ್ಯಾಮೆರಾ ಬಿಡುತ್ತೇನೆ, ಹೆಂಗಸರೆಲ್ಲ ಹೊಸ ಸೀರೆ ಉಟ್ಟು ಓಣಿಯಲ್ಲಿ ಸಾಲಾಗಿ ನಿಂತು, ಮೇಲೆ ನೋಡಿ ಕೈ ಮುಗಿಯಬೇಕು ಎಂದ. ಆಗಲಿ ಎಂದಿದ್ದೆ. ಆಪಾನ ಸುದ್ದಿ ಅವನು ಹೇಳಿದ್ದು ಅದಾದ ಮೇಲೆ.

ಮಾರನೆಯ ಬೆಳಿಗ್ಗೆ ನಾನು ಹಳೆಯ ಸೀರೆಯಲ್ಲೇ ಏಣಿ ಹತ್ತಿ, ನನ್ನ ತಗಡಿನ ಮೇಲೆ ವರ್ಷದ ಖಾರಕ್ಕೆ ತಂದ ಮೆಣಸಿನಕಾಯಿ ಹಾಸಿದೆ. ಹಟಕ್ಕೆ ಮಾಡಿದ್ದಲ್ಲ, ಅಂದು ಒಣಗಿಸುವುದೇ ಇತ್ತು. ಅವನು ಕೆಳಗೆ ನಿಂತು ಕೈಯಲ್ಲಿನ ಸಣ್ಣ ಪರದೆ ನೋಡಿದ. ಕ್ಯಾಮೆರಾ ತಲೆಯ ಮೇಲೆ ಗುಂಯ್ ಎನ್ನುತ್ತಿತ್ತು.

“ಆಯಿ, ಅಕ್ಷರ ಮುಚ್ಚ್ಯಾವ್ರಿ.”

ಒಣಗಲು ನಾಲ್ಕು ದಿನ ಬೇಕು, ಕಾಯುವುದಾದರೆ ಕಾಯಿ, ಇಲ್ಲವಾದರೆ ಏನು ನಡೆದಿದೆಯೋ ಅದನ್ನೇ ತೆಗೆದುಕೊ ಎಂದೆ. ಇಳಿದು, ಏಣಿ ಎಳೆದು ಪಕ್ಕದ ಮನೆಯ ತಗಡಿಗೆ ಹಚ್ಚಿದೆ. ಅವಳ ಮೆಣಸಿನಕಾಯಿಯೂ ಹಾಸುವುದಿತ್ತು.