ಕಪ್ಪು ಕಿಟಕಿಗೆ ಮಣೆ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು ಎದ್ದಿದ್ದೇನೆ. ಪ್ರತಿ ಸಲವೂ ನನ್ನ ಜಂಬದ ಭಾಗ ಸರಾಗವಾಗಿ ಮುಗಿಯುತ್ತಿತ್ತು. ಉಳಿದದ್ದನ್ನು ಬರೆಯುವ ಹೊತ್ತಿಗೆ ಏನಾದರೂ ಕೆಲಸ ನೆನಪಾಗುತ್ತಿತ್ತು. ಈಗ ನೆನಪಾಗುವಂಥ ಕೆಲಸಗಳೂ ಇಲ್ಲ. ಆದರೂ ಜಂಬದಿಂದಲೇ ಶುರು ಮಾಡುತ್ತೇನೆ. ಅದನ್ನು ಬಿಟ್ಟರೆ ಉಳಿದದ್ದು ಯಾರಿಗೂ ಅರ್ಥವಾಗುವುದಿಲ್ಲ.

ನಾನು ಕೊಪ್ಪದ ಒಂದು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವನು. ಎಸ್ಸೆಸ್ಸೆಲ್ಸಿ ಪಾಸಾದ ವರ್ಷವೇ ಸೇರಿದೆ. ಯಾವ ಅಕ್ಷರ ಯಾವ ಖಾನೆಯಲ್ಲಿದೆ ಎಂಬುದು ಬೆರಳಿಗೇ ಗೊತ್ತಿತ್ತು, ಕಣ್ಣು ಬೇಕಿರಲಿಲ್ಲ. ಎರಡು ಸಾವಿರದ ಇಸವಿ ಕಳೆದ ಮೇಲೆ ಯಜಮಾನರು ಮೊಳೆಗಳನ್ನೆಲ್ಲ ಗುಜರಿಗೆ ಹಾಕಿ ಕಂಪ್ಯೂಟರ್ ತಂದರು. ಶಿವಮೊಗ್ಗದಲ್ಲಿ ಕಾಲೇಜು ಮೇಷ್ಟರಾಗಿದ್ದ ಅವರ ಭಾವಮೈದುನ ಅದಕ್ಕೆ ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಟ್ಟು, ಎರಡು ದಿನ ಪಾಠ ಹೇಳಿ ಹೋದರು. ನನಗೆ ಆಗಲೇ ಐವತ್ತು ದಾಟಿತ್ತು.

ಕೆಲಸದ ರೀತಿ ಹೀಗಿತ್ತು. ಎಡಿಟರ್ ಎಂಬ ಬಿಳಿ ಕಿಟಕಿಯಲ್ಲಿ ಮದುವೆ ಕಾಗದದ ಒಕ್ಕಣೆಯನ್ನು ಟೈಪ್ ಮಾಡಬೇಕು. ಆಮೇಲೆ ಟರ್ಮಿನಲ್ ಎಂಬ ಕಪ್ಪು ಕಿಟಕಿ ತೆರೆದು, ಅಲ್ಲಿ ಒಂದು ಅಪ್ಪಣೆಯನ್ನು ಇಂಗ್ಲಿಷಿನಲ್ಲಿ ಬರೆದರೆ ಪುಟ ಕಟ್ಟಿಕೊಂಡು ಬರುತ್ತದೆ. ಒಂದು ಕೊಂಬು ತಪ್ಪಿದರೂ ಮತ್ತೆ ಬಿಳಿ ಕಿಟಕಿ, ಮತ್ತೆ ಕಪ್ಪು ಕಿಟಕಿ. ಪ್ರತಿ ಸಲ ಮೌಸ್ ಹಿಡಿದು ಮೂಲೆಯಲ್ಲಿನ ಚಿತ್ರ ಹುಡುಕಬೇಕು. ನನಗೆ ಆ ಮೌಸ್ ಕಂಡರೆ ಆಗುತ್ತಿರಲಿಲ್ಲ. ಬೆರಳಿನ ಕೆಲಸದವನನ್ನು ಮಣಿಕಟ್ಟಿನ ಕೆಲಸಕ್ಕೆ ಹಾಕಿದ ಹಾಗೆ.

ಎಡಿಟರಿನೊಳಗಿಂದಲೇ ಒಂದು ಕೀಲಿ ಒತ್ತಿದರೆ ಕಪ್ಪು ಕಿಟಕಿ ತೆರೆದುಕೊಳ್ಳುವ ಹಾಗೆ ಮಾಡಬಹುದು ಎಂದು ಅದರ ಸಹಾಯಪುಟದಲ್ಲಿ ಓದಿದೆ. ಇಂಗ್ಲಿಷ್ ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು ಓದಿದೆ. ಓದಿದ್ದರಲ್ಲಿ ಅರ್ಧ ತಿಳಿಯಿತು, ಉಳಿದರ್ಧ ತಪ್ಪು ಮಾಡಿ ತಿಳಿಯಿತು. ಮಳೆಗಾಲ ಪೂರ್ತಿ ಹಿಡಿಯಿತು. ಕೊನೆಗೊಂದು ಮಧ್ಯಾಹ್ನ ಕೀಲಿಮಣೆಯ ಮೇಲಿನ ಸಾಲಿನ ಎಫ್-ಎಂಟು ಒತ್ತಿದರೆ ಕಪ್ಪು ಕಿಟಕಿ ಟಪ್ಪನೆ ಎದ್ದು ನಿಂತಿತು, ಅದೂ ನಾನು ಕೆಲಸ ಮಾಡುತ್ತಿದ್ದ ಫೋಲ್ಡರಿನಲ್ಲೇ. ಎದ್ದು ಹೊರಗೆ ಹೋಗಿ, ಹೋಟೆಲಿನಲ್ಲಿ ಕಾಫಿ ಕುಡಿದು, ಅಲ್ಲಿದ್ದವರಿಗೂ ಕುಡಿಸಿ ಬಂದೆ. ಯಾಕೆಂದು ಅವರಿಗೆ ವಿವರಿಸಲು ಆಗಲಿಲ್ಲ.

ಪ್ರೆಸ್ಸಿನಲ್ಲಿ ನನ್ನ ಜೊತೆ ಟೈಪಿಂಗಿಗೂ ಪ್ರೂಫ್ ನೋಡುವುದಕ್ಕೂ ಒಬ್ಬಳು ಹುಡುಗಿ ಇದ್ದಳು. ಪಿಯುಸಿ ಓದಿದ್ದಳು. ಕಡಹಿನಬೈಲಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಕಂಪ್ಯೂಟರಿನ ಮುಂದೆ ಕೂರುವುದು ಅವಳಿಗೆ ಬರೀ ಸಂಬಳದ ಮಾತಾಗಿರಲಿಲ್ಲ. ಆ ಕೆಲಸ ಕಲಿತು ನರಸಿಂಹರಾಜಪುರದಲ್ಲಿ ಸ್ವಂತದ್ದೊಂದು ಅಂಗಡಿ ಇಡಬೇಕು ಎಂದು ಹೇಳುತ್ತಿದ್ದಳು. ಒಂದೇ ಕಂಪ್ಯೂಟರ್, ನಾವಿಬ್ಬರು. ಬೆಳಿಗ್ಗೆ ಅವಳು, ಮಧ್ಯಾಹ್ನದ ಮೇಲೆ ನಾನು.

ನನ್ನ ಎಫ್-ಎಂಟನ್ನು ನೋಡಿ ಅವಳು ನಕ್ಕಳು. ಯಾಕೆಂದರೆ ಒತ್ತಿದಷ್ಟು ಸಲವೂ ಅದು ಹೊಸ ಕಿಟಕಿಯನ್ನೇ ತೆರೆಯುತ್ತಿತ್ತು. ಸಂಜೆಯಾಗುವುದರೊಳಗೆ ಒಂದರ ಹಿಂದೆ ಒಂದು ಕಪ್ಪು ಕಿಟಕಿ ತುಂಬಿ, ಕಂಪ್ಯೂಟರ್ ಏದುಸಿರು ಬಿಡುತ್ತಿತ್ತು.

“ಎಂತ ಅಣ್ಣಯ್ಯ ಇದು? ನೀರು ಕೇಳಿದಾಗೆಲ್ಲ ಹೊಸ ಮಣೆ ಹಾಕಿ ಹೊಸಬ್ರನ್ನ ಕೂರಿಸ್ತಾ ಹೋದ್ರೆ ಪಂಕ್ತಿ ಬೀದಿಗೆ ಬತ್ತದೆ. ಮೊದ್ಲೇ ಕೂತವ್ರು ಇದಾರಾ ಅಂತ ನೋಡಿ. ಇದ್ರೆ ಅವ್ರನ್ನೇ ಮುಂದೆ ಕರೀರಿ. ಇಲ್ದಿದ್ರೆ ಮಾತ್ರ ಹೊಸ ಮಣೆ.”

“ಹೇಳೋದು ಸುಲಭ ಮಾರಾಯ್ತಿ. ಅದಕ್ಕೆ ಕಣ್ಣಿದೆಯಾ ನೋಡೋಕೆ?”

“ಕಣ್ಣಿಲ್ಲ, ಆದ್ರೆ ಕಿಟಕಿಗೆಲ್ಲ ನೆತ್ತಿ ಮೇಲೆ ಹೆಸರು ಬರ್ದಿರ್ತದಲ್ಲ. ಹೆಸರು ಹಿಡಿದು ಕರೀರಿ.”

ಆವತ್ತಿನಿಂದ ನಮ್ಮ ಪ್ರೆಸ್ಸಿನಲ್ಲಿ ಅದಕ್ಕೆ ‘ಮಣೆ’ ಎಂಬ ಹೆಸರೇ ನಿಂತಿತು. ನಾವು ಒತ್ತುವ ಅಕ್ಷರ ಯಾವ ಕಿಟಕಿಗೆ ಬೀಳುತ್ತದೋ ಆ ಕಿಟಕಿಗೆ ಮಣೆ ಸಿಕ್ಕಿದೆ ಎಂದರ್ಥ. ಮಣೆಯ ಮೇಲೆ ಕೂತವರ ಎಲೆಗೆ ತಾನೇ ಬಡಿಸುವುದು? “ಅಣ್ಣಯ್ಯ, ಈಗ ಮಣೆ ಯಾರಿಗೆ?” ಎಂದು ಅವಳು ಕೇಳಿದರೆ, ಹೊರಗೆ ಕಾರ್ಡು ಕೊಡಲು ಬಂದವರು ಊಟದ ಮಾತೆಂದು ತಿಳಿಯುತ್ತಿದ್ದರು.

ಹೆಸರು ಹಿಡಿದು ಕರೆಯುವ ಹಾಗೆ ನಾನು ಬರೆದೆ. ಕಪ್ಪು ಕಿಟಕಿ ಮೊದಲೇ ತೆರೆದಿದ್ದರೆ ಅದೇ ಮುಂದೆ ಬರುತ್ತಿತ್ತು, ಇಲ್ಲದಿದ್ದರೆ ಹೊಸದು. ಇನ್ನೊಂದು ಸಲ ಒತ್ತಿದರೆ ಎಡಿಟರ್ ವಾಪಸ್ಸು. ಬಿಳಿ ಕಿಟಕಿಯಲ್ಲಿ ಕೀಲಿಮಣೆ ತಾನಾಗಿ ಕನ್ನಡಕ್ಕೆ, ಕಪ್ಪು ಕಿಟಕಿಯಲ್ಲಿ ತಾನಾಗಿ ಇಂಗ್ಲಿಷಿಗೆ ಹೊರಳುತ್ತಿತ್ತು. ಅಷ್ಟನ್ನೂ ಮಾಡಿದ್ದು ನಾನೇ, ನನ್ನ ಈ ಕೈಯಲ್ಲೇ. ಅದನ್ನು ಇವತ್ತಿಗೂ ಯಾರ ಮುಂದಾದರೂ ಎದೆಯುಬ್ಬಿಸಿ ಹೇಳುತ್ತೇನೆ.

ಅವಳು ಮಾತ್ರ ಒಂದೆರಡು ದಿನ ಬಳಸಿ ನೋಡಿ, “ಒಂದೊಂದ್ಸಲ ಮುಂದೆ ಬಂದು ನಿಲ್ತದೆ, ಆದ್ರೆ ಮಣೆ ಸಿಕ್ಕಿರಲ್ಲ. ಬಾಗಿಲಲ್ಲಿ ನಿಂತವ್ರೆಲ್ಲ ಪಂಕ್ತೀಲಿ ಕೂತವ್ರಲ್ಲ ಅಣ್ಣಯ್ಯ. ಕರೆದ್ಮೇಲೆ ಕೂರ್ಸೋದೂ ಬರೀಬೇಕು” ಎಂದಳು. ನಾನು ಕೇಳಲಿಲ್ಲ. ನಿನ್ನೆ ಬಂದ ಹುಡುಗಿ ನನಗೆ ಹೇಳಿಕೊಡುವುದೇ ಎಂದು ಬಾಯಲ್ಲಿ ಅನ್ನಲಿಲ್ಲ, ಮುಖದಲ್ಲಿ ಅಂದಿರಬೇಕು.

ಜಯಪುರದ ಕಡೆಯ ಒಂದು ಮದುವೆ ಕಾಗದ ಬಂತು. ಬೆಳಿಗ್ಗೆ ಅವಳು ಟೈಪ್ ಮಾಡಿ, ಪ್ರೂಫ್ ನೋಡಿ, ಸರಿಯಿದೆ ಎಂದು ಗುರುತು ಹಾಕಿ ಇಟ್ಟಳು. ಮಧ್ಯಾಹ್ನ ಹುಡುಗನ ಸೋದರಮಾವ ಬಂದು, ಹೆಸರಿನ ಮುಂದೆ ಬಿ.ಕಾಂ. ಸೇರಿಸಲೇಬೇಕು ಎಂದರು. ಸೇರಿಸಿದೆ. ಕರ್ಸರನ್ನು ಆ ಸಾಲಿನ ಮೊದಲಿಗೆ ತಂದು, ಫೈಲು ಸೇವ್ ಆಗಿದೆಯೇ ನೋಡೋಣವೆಂದು ಎಫ್-ಎಂಟು ಒತ್ತಿದೆ. ಕಪ್ಪು ಕಿಟಕಿ ಮುಂದೆ ಬಂತು. ಫೈಲುಗಳ ಪಟ್ಟಿ ತೋರಿಸಲು ಅದಕ್ಕೆ ಎರಡೇ ಅಕ್ಷರದ ಅಪ್ಪಣೆ, ಎಲ್ ಮತ್ತು ಎಸ್. ಒತ್ತಿದೆ, ಏನೂ ಬರಲಿಲ್ಲ. ಯಂತ್ರ ನಿಧಾನವಾಗಿದೆ ಅಂದುಕೊಂಡು ಹಿಂದೆ ಹೋಗಿ, ಇನ್ನೊಮ್ಮೆ ಸೇವ್ ಮಾಡಿ, ಮುಂದೆ ಬಂದು ಮತ್ತೆ ಒತ್ತಿದೆ. ಪಟ್ಟಿ ಬಂತು. ಪುಟ ಕಟ್ಟಿ, ಮತ್ತೆ ಪ್ರೂಫ್ ನೋಡದೆ ಅಚ್ಚಿಗೆ ಕೊಟ್ಟೆ.

ಮೊದಲ ಸಲ ಒತ್ತಿದ ಎರಡಕ್ಷರ ಎಲ್ಲಿಗೆ ಹೋಯಿತು? ಮಣೆ ಬಿಟ್ಟು ಏಳದಿದ್ದ ಎಡಿಟರಿನ ಎಲೆಗೆ. ಅಲ್ಲಿ ಕೀಲಿಮಣೆ ಕನ್ನಡದಲ್ಲಿತ್ತು. ಎಲ್ ಒತ್ತಿದರೆ ಲ, ಎಸ್ ಒತ್ತಿದರೆ ಸ. ವರನ ಹೆಸರಿನ ಹಿಂದೆ, ಚಿ||ರಾ|| ಎಂಬುದಕ್ಕೂ ಮೊದಲು, ದಪ್ಪ ಅಕ್ಷರದಲ್ಲಿ ‘ಲಸ’ ಎಂದು ಅಚ್ಚಾಗಿ, ಕಾಗದಗಳು ಶೃಂಗೇರಿಯಿಂದ ಬಾಳೆಹೊನ್ನೂರಿನವರೆಗೆ ಹಂಚಿಹೋದವು.

ಯಜಮಾನರು ಒಂದು ಕಾಗದ ಹಿಡಿದುಕೊಂಡು ಒಳಗೆ ಬಂದರು.

“ಲಸ ಅಂದ್ರೆ ಎಂತದು ಮಾರಾಯ? ಪ್ರೂಫ್ ನೋಡಿದ್ದು ಯಾರು?”

“ಅವಳೇ ನೋಡಿದ್ದು” ಎಂದೆ.

ಮಾತು ಸುಳ್ಳಲ್ಲ. ಬೆಳಿಗ್ಗೆ ನೋಡಿದ್ದು ಅವಳೇ. ಮಧ್ಯಾಹ್ನ ಬಿ.ಕಾಂ. ಸೇರಿಸಿದ್ದು ನಾನು ಎಂಬುದನ್ನು ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ. ಅವಳು ಕಾಗದ ತೆಗೆದುಕೊಂಡು ನೋಡಿದಳು. ಅವಳ ಬೆರಳು ಮೇಜಿನ ಮೇಲೆ ಮೆಲ್ಲಗೆ ಎರಡು ಕಡೆ ಬಡಿಯಿತು, ಎಲ್ ಇರುವ ಕಡೆ, ಎಸ್ ಇರುವ ಕಡೆ. ಆಮೇಲೆ ತಲೆಯೆತ್ತಿದಳು.

“ಲಸ ಅಂದ್ರೆ ಎಂತ ಅಣ್ಣಯ್ಯ?”

ಅದು ಪ್ರಶ್ನೆಯಲ್ಲ, ನನಗೆ ಬಿಟ್ಟುಕೊಟ್ಟ ಜಾಗ. ಅಲ್ಲೇ ಕೂತು ಹೇಳಿಬಿಡಬಹುದಿತ್ತು.

“ನಂಗೊತ್ತಿಲ್ಲ” ಎಂದೆ.

ಯಜಮಾನರು ಅವಳನ್ನು ಕಂಪ್ಯೂಟರಿನಿಂದ ಎಬ್ಬಿಸಿ, ಕಾಗದ ಮಡಚಿ ಕವರಿಗೆ ಹಾಕುವ ಮೇಜಿಗೆ ಕೂರಿಸಿದರು. ಅವಳ ಬೆಳಗಿನ ಹೊತ್ತೂ ನನಗೇ ಬಂತು.

ಆಮೇಲೆ ಆದದ್ದು ಕೇಳಿದರೆ ನಗುತ್ತೀರಿ. ಮದುವೆಯ ಮನೆಯವರು ಜಗಳಕ್ಕೆ ಬರಲೇ ಇಲ್ಲ. ಚಿ||ರಾ||, ಚಿ||ಸೌ|| ಇದ್ದ ಹಾಗೆ ಇದೂ ಒಂದು ಮರ್ಯಾದೆಯ ಅಕ್ಷರವೆಂದು ಎಲ್ಲರೂ ತಿಳಿದರು. ಶೃಂಗೇರಿಯ ಕಡೆಯ ಹಿರಿಯರೊಬ್ಬರು ನಮ್ಮ ಪ್ರೆಸ್ಸಿನ ಬೆಂಚಿನಲ್ಲಿ ಕೂತು, “ಲಸ ಅಂದರೆ ಲಕ್ಷ್ಮೀಸಂಪನ್ನ. ಹಿಂದಿನ ಕಾಲದ ಪದ್ಧತಿ, ಈಗಿನವರಿಗೆ ಎಲ್ಲಿ ಗೊತ್ತು!” ಎಂದು ವಿವರಿಸಿದರು. ಮುಂದಿನ ಲಗ್ನದ ದಿನಗಳಲ್ಲಿ ಒಬ್ಬರು ಬಂದು ಕೇಳಿಯೇ ಬಿಟ್ಟರು: “ಜಯಪುರದೋರ ಹುಡುಗಂಗೆ ಹಾಕಿದೀರಲ್ಲ ಲಸ, ನಮ್ಮ ಹುಡುಗ ಎಂತ ಕಮ್ಮಿ? ಅವ್ನಿಗೂ ಹಾಕಿ.”

ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಹಾಕು ಮಾರಾಯ, ಹಾಕು. ಹೆಣ್ಣಿಗೂ ಬೇಕಾದ್ರೆ ಹಾಕು!”

ಆ ನಗುವಿನ ನಡುವೆ ಹೇಳಿದ್ದರೆ ನನಗೆ ಏನೂ ನಷ್ಟವಿರಲಿಲ್ಲ. ಯಜಮಾನರು ಇನ್ನೊಂದಿಷ್ಟು ನಗುತ್ತಿದ್ದರು, ಅವಳು ಕಂಪ್ಯೂಟರಿಗೆ ಮರಳುತ್ತಿದ್ದಳು. ಹೇಳಲಿಲ್ಲ. ಆ ಹೊತ್ತಿಗೆ ನನ್ನ ಎಫ್-ಎಂಟನ್ನು ನೋಡಲು ಬಾಳೆಹೊನ್ನೂರಿನ ಪ್ರೆಸ್ಸಿನವರು ಬಂದು ಹೋಗಿದ್ದರು. ಶಿವಮೊಗ್ಗದ ಮೇಷ್ಟರು, “ಇದನ್ನ ನಮ್ಮ ಹುಡುಗ್ರಿಗೂ ತೋರಿಸ್ಬೇಕು” ಎಂದು ಬರೆದುಕೊಂಡು ಹೋಗಿದ್ದರು. ಮೊಳೆ ಜೋಡಿಸುವವನು ಕಂಪ್ಯೂಟರಿಗೆ ಬುದ್ಧಿ ಕಲಿಸಿದ ಎಂದು ಯಜಮಾನರು ಊರೆಲ್ಲ ಹೇಳಿಕೊಂಡು ಬರುತ್ತಿದ್ದರು. ಅಂಥ ಎಫ್-ಎಂಟು ತಪ್ಪಿತು ಎಂದು ನನ್ನ ಬಾಯಲ್ಲೇ ಹೇಗೆ ಹೇಳಲಿ? ಅವಳು ಹೇಳಿದ್ದ ಆ ಒಂದು ಸಾಲನ್ನು, ಕರೆದ ಮೇಲೆ ಕೂರಿಸುವ ಸಾಲನ್ನು, ಯಾರೂ ಇಲ್ಲದ ಹೊತ್ತು ನೋಡಿ ಸೇರಿಸಿದೆ. ಮತ್ತೆಂದೂ ಅದು ತಪ್ಪಲಿಲ್ಲ. ಆ ಅಪ್ಪಣೆಗೆ ‘ಮಣೆ’ ಎಂದೇ ಹೆಸರಿಟ್ಟೆ. ಬಂದವರು ಹೆಸರು ಕೇಳಿ ಬೆರಗಾದರು. ಎಂಥ ಹೆಸರು ಹೊಳೆಯಿತು ನಿಮಗೆ ಎಂದರು. ಸುಮ್ಮನೆ ನಕ್ಕೆ.

ಕವರಿನ ಮೇಜಿನಿಂದ ಅವಳಿಗೆ ಅದೆಲ್ಲ ಕೇಳಿಸುತ್ತಿತ್ತು. ತಲೆ ಬಗ್ಗಿಸಿ ಕವರಿಗೆ ಅಂಟು ಸವರುತ್ತಿದ್ದಳು. ಆ ಬೇಸಿಗೆಯ ಲಗ್ನಗಳು ಮುಗಿದ ಮೇಲೆ ಬಸ್ಸು ಬಂತು, ಅವಳು ಇಳಿಯಲಿಲ್ಲ.

ಕೆಲವು ವರ್ಷ ಕಳೆದು ಏನೋ ಕೆಲಸಕ್ಕೆಂದು ನರಸಿಂಹರಾಜಪುರಕ್ಕೆ ಹೋದವನು ಬಸ್‌ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ಒಂದು ಟೈಪಿಂಗ್ ಅಂಗಡಿ ಕಂಡೆ. ಒಳಗೆ ಅವಳೇ ಇದ್ದಳು. ಕಂಪ್ಯೂಟರಿನ ಮುಂದೆ ಕೂತು ಮದುವೆ ಕಾಗದ ಟೈಪ್ ಮಾಡುತ್ತಿದ್ದಳು. ಬೆರಳು ಒಂದು ಕೀಲಿಯ ಮೇಲೆ ಬಿತ್ತು, ಕಪ್ಪು ಕಿಟಕಿ ಮುಂದೆ ಬಂತು. ಒತ್ತಿದಳು, ಹಿಂದೆ ಹೋಯಿತು. ಅವಳದು ಎಫ್-ಎಂಟಲ್ಲ, ಬೇರೆ ಕೀಲಿ. ತಾನೇ ಬರೆದುಕೊಂಡಿದ್ದಳು. ನೋಡುತ್ತಾ ನಿಂತ ನನಗೆ, ಕೇಳಿದರೆ ನಂಬುತ್ತೀರೋ ಇಲ್ಲವೋ, ಹೆಮ್ಮೆಯೇ ಆಯಿತು. ನಮ್ಮ ಪ್ರೆಸ್ಸಿನ ವಿದ್ಯೆ ಅದು.

“ಓ, ಅಣ್ಣಯ್ಯ! ಬನ್ನಿ, ಕೂತ್ಕಳಿ” ಎಂದು ಎದ್ದು, ತನ್ನ ಕುರ್ಚಿಯನ್ನೇ ನನ್ನ ಕಡೆ ಎಳೆದಳು.

ಕೂತೆ. ತೆರೆಯ ಮೇಲಿದ್ದ ಕಾಗದದಲ್ಲಿ ವರನ ಹೆಸರಿನ ಹಿಂದೆ ಲಸ ಇತ್ತು.

“ಇಲ್ಲೂ ಕೇಳ್ತಾರಾ?”

“ಕೇಳ್ದೆ ಇರ್ತಾರಾ! ಲಸ ಇಲ್ದಿದ್ರೆ ಕಾಗದ ಬೋಳು ಅಂತಾರೆ.”

“ಹಂಗಂದ್ರೆ ಎಂತ ಅಂತ ಯಾರಾದ್ರೂ ಕೇಳಿದ್ರೆ?”

“ಕೊಪ್ಪದಲ್ಲಿ ಒಬ್ರು ಅಣ್ಣಯ್ಯ ಇದಾರೆ, ಅವ್ರಿಗೇ ಗೊತ್ತಿಲ್ಲ, ನಂಗೆಲ್ಲಿ ಗೊತ್ತಾಗ್ಬೇಕು ಅಂತೀನಿ.”

ಹೇಳಿ ನಕ್ಕಳು. ನಾನೂ ನಕ್ಕೆ. ಕಾಫಿ ತರಿಸಿದಳು, ಕುಡಿದೆ. ನಾಲಿಗೆಯ ತುದಿಯವರೆಗೆ ಬಂದು ನಿಂತದ್ದು ಬಾಗಿಲಲ್ಲೇ ನಿಂತಿತು, ಮಣೆಗೆ ಬರಲಿಲ್ಲ. ಕೊಪ್ಪದ ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಅವಳ ಕುರ್ಚಿಯನ್ನು ಅವಳಿದ್ದ ಕಡೆಗೆ ತಳ್ಳಿ ಬಂದೆ. ಅಷ್ಟೇ ಮಾಡಿದ್ದು.

ಎಫ್-ಎಂಟನ್ನು ಬರೆದವನು ನಾನು, ಇದರಲ್ಲಿ ಅನುಮಾನವಿಲ್ಲ. ಮೊದಲೇ ಕೂತವರನ್ನು ನೋಡು ಎಂದವಳು, ಹೆಸರು ಹಿಡಿದು ಕರೆ ಎಂದವಳು, ಕರೆದ ಮೇಲೆ ಕೂರಿಸು ಎಂದವಳು, ಮಣೆ ಎಂಬ ಮಾತು ಕೊಟ್ಟವಳು, ನಾನು ಯಾರಿಗೆ ತಪ್ಪಾಯಿತು ಎಂದು ಇವತ್ತಿಗೂ ಹೇಳಿಲ್ಲವೋ ಅವಳು, ಕಡಹಿನಬೈಲಿನ ಬಸ್ಸಿನಿಂದ ಇಳಿದು ಬಂದು ಅಣ್ಣಯ್ಯ ಎನ್ನುತ್ತಿದ್ದ ಆ ನನ್ನ ತಂಗಿ.